ಕೊಳಗ ಹಿಡಿಯದ ಕೈಗೆ ಶಾಸನ ದಕ್ಕೀತೆ?

ಶ್ರವಣಬೆಳಗೊಳದ ಚಿಕ್ಕಬೆಟ್ಟದ ಉತ್ತರಕ್ಕೆ, ಊರಿನಿಂದ ಸುಮಾರು ಒಂದು ಮೈಲಿ ದೂರದಲ್ಲಿ ಜಿನನಾಥಪುರವಿದೆ. ಹೊಯ್ಸಳ ವಿಷ್ಣುವರ್ಧನನ ದಂಡನಾಯಕ ಗಂಗರಾಜ ಮಾಡಿಸಿದ ಊರು ಇದು. ಇಲ್ಲಿನ ಶಾಂತಿನಾಥ ಬಸದಿ ಅದಕ್ಕಿಂತ ಈಚಿನದು. ಕಳಚುರಿ ಅರಸರ ಬಳಿಯಿದ್ದು ಬಳಿಕ ಇಮ್ಮಡಿ ಬಲ್ಲಾಳನ ಆಶ್ರಯಕ್ಕೆ ಬಂದ ರೇಚಿಮಯ್ಯ ದಂಡನಾಯಕ ಕ್ರಿ.ಶ. 1200ರ ಸುಮಾರಿಗೆ ಇದನ್ನು ಕಟ್ಟಿಸಿದ. ಹೊರಗೋಡೆಯ ಉದ್ದಕ್ಕೂ ತೀರ್ಥಂಕರರು, ಯಕ್ಷ ಯಕ್ಷಿಯರು, ನರ್ತಕಿಯರು, ವಾದ್ಯ ನುಡಿಸುವವರು ನಿಂತಿದ್ದಾರೆ.

ಡಿಸೆಂಬರ್ ಬಂತೆಂದರೆ ಶಾಲಾ ಪ್ರವಾಸದ ಬಸ್ಸುಗಳು ಬೆಳಗೊಳಕ್ಕೆ ಸಾಲುಗಟ್ಟುತ್ತವೆ. ದೊಡ್ಡಬೆಟ್ಟ ಹತ್ತಿ ಇಳಿದ ಮೇಲೆ ಸಮಯ ಉಳಿದರೆ ಒಂದೆರಡು ಬಸ್ಸು ಜಿನನಾಥಪುರದ ಕಡೆಗೂ ತಿರುಗುವುದುಂಟು. ‘ಸಾಲಾಗಿ ಬನ್ನಿ, ಯಾರೂ ಮುಟ್ಟಬೇಡಿ’ ಎಂದು ಮೇಷ್ಟ್ರು ಕೂಗುತ್ತಾರೆ. ಮೇಷ್ಟ್ರದೇನೂ ತಪ್ಪಿಲ್ಲ. ಬಸದಿಯ ಕಲ್ಲು ಬಳಪದ ಕಲ್ಲು. ಗಣಿಯಿಂದ ತೆಗೆದಾಗ ಮೆತ್ತಗಿದ್ದು, ಗಾಳಿಗೆ ಒಡ್ಡಿಕೊಂಡು ಗಟ್ಟಿಯಾಗುವ ಜಾತಿಯದು. ಎಂಟುನೂರು ವರ್ಷ ಉಳಿದುಬಂದ ಬೆರಳು, ಬಳೆಗಳು ಮಕ್ಕಳ ಕೈಯಾಟಕ್ಕೆ ಸವೆದು ಹೋಗಬಾರದು. ಆದರೆ ಮುಟ್ಟದೆ, ಎತ್ತದೆ, ಅಳೆಯದೆ ಕಲಿತ ಇತಿಹಾಸ ಮಕ್ಕಳ ತಲೆಯಲ್ಲಿ ಬಸ್ಸು ಊರು ಸೇರುವ ತನಕವಾದರೂ ಉಳಿದೀತೆ?

ಬೆಳಗೊಳದ ಶಾಸನಗಳನ್ನೇ ನೋಡಿ. ಬಿ.ಎಲ್. ರೈಸ್ 1889ರಲ್ಲಿ ಇಲ್ಲಿನ 144 ಶಾಸನಗಳನ್ನು ಪ್ರಕಟಿಸಿದರು. ಆರ್. ನರಸಿಂಹಾಚಾರ್ಯರ 1923ರ ಪರಿಷ್ಕರಣದಲ್ಲಿ ಅವು 500 ಆದವು. ರಾಜರ ಬಿರುದು, ಮುನಿಗಳ ಸಲ್ಲೇಖನ ಇವು ಪಠ್ಯಪುಸ್ತಕಕ್ಕೂ ಬಂದಿವೆ. ಪಠ್ಯಕ್ಕೆ ಬಾರದ್ದು ಲೆಕ್ಕಾಚಾರ. ಹದಿಮೂರನೆಯ ಶತಮಾನದ ಭಕ್ತರು ಗದ್ಯಾಣಗಳನ್ನು ಇಡುಗಂಟಾಗಿಟ್ಟು, ಹೊನ್ನಿಗೆ ತಿಂಗಳಿಗೆ ಒಂದು ಹಾಗದಂತೆ ಬರುವ ಬಡ್ಡಿಯಿಂದ ಗೊಮ್ಮಟನ ಅಭಿಷೇಕಕ್ಕೆ ದಿನವೂ ಇಷ್ಟು ಹಾಲು ಸಲ್ಲಬೇಕೆಂದು ಕಲ್ಲಿನಲ್ಲಿ ಬರೆಸಿದ್ದಾರೆ. ಹಾಲಿನ ಅಳತೆ ಮಾನ, ಬಳ್ಳಗಳಲ್ಲಿದೆ. ಗದ್ದೆ ಬೆದ್ದಲುಗಳ ದತ್ತಿಗಳಿಗೆ ಸಲಗೆ, ಖಂಡುಗ, ಕೊಳಗಗಳ ಲೆಕ್ಕ.

ಈ ಮಾತುಗಳೆಲ್ಲ ತೀರ ಈಚಿನವರೆಗೆ ನಮ್ಮ ಮನೆಗಳಲ್ಲಿಯೇ ಇದ್ದವು. 1960ರ ದಶಕದಲ್ಲಿ ಕಿಲೋ, ಲೀಟರ್‌ಗಳು ಕಡ್ಡಾಯವಾದ ಮೇಲೂ ಹಳ್ಳಿಯ ಅಜ್ಜಿಯರು ಸೇರು, ಪಾವುಗಳನ್ನು ಬಿಟ್ಟುಕೊಡಲಿಲ್ಲ. ಈ ಲೇಖಕನ ಮನೆಯಲ್ಲಿ ಹಿತ್ತಾಳೆಯ ಪಾವು ಇನ್ನೂ ಇದೆ, ಪೆನ್ನು ಸಿಕ್ಕಿಸಿಡಲು! ಇಪ್ಪತ್ತು ಕೊಳಗಕ್ಕೆ ಒಂದು ಖಂಡುಗ; ಕೊಳಗಕ್ಕೆಷ್ಟು ಸೇರು ಎಂಬುದು ಮಾತ್ರ ಊರಿಂದೂರಿಗೆ ಬೇರೆ. ‘ಖಂಡುಗ ಗದ್ದೆ’ ಎಂದರೆ ಒಂದು ಖಂಡುಗ ಬೀಜ ಹಿಡಿಸುವ ಗದ್ದೆ. ನೆಲವನ್ನು ಬೀಜದಿಂದ ಅಳೆಯುತ್ತಿದ್ದರು. ಇದನ್ನು ಕರಿಹಲಗೆಯ ಮೇಲೆ ಬರೆದು ವಿವರಿಸುವುದು ಕಷ್ಟ. ಒಂದು ಸೇರು ಬೀಜವನ್ನು ಹುಡುಗನ ಕೈಗೆ ಕೊಟ್ಟು ಉತ್ತ ನೆಲಕ್ಕೆ ಇಳಿಸಿದರೆ ಅರ್ಧ ಗಂಟೆಯಲ್ಲಿ ಗೊತ್ತಾಗುತ್ತದೆ.

ಮಕ್ಕಳನ್ನು ಹೀಗೆ ಹೊಲಕ್ಕಿಳಿಸಿ ಇತಿಹಾಸ ಕಲಿಸುವ ಏರ್ಪಾಡು ಹೊರದೇಶಗಳಲ್ಲಿ ಹಳೆಯದು. ಸ್ವೀಡನ್ನಿನಲ್ಲಿ ಆರ್ತುರ್ ಹ್ಯಾಜೆಲಿಯಸ್ ಹಳ್ಳಿಮನೆಗಳನ್ನೇ ಬಿಚ್ಚಿ ತಂದು 1891ರಲ್ಲಿ ಸ್ಟಾಕ್‌ಹೋಮಿನ ಸ್ಕಾನ್ಸೆನ್ ಬಯಲು ವಸ್ತುಸಂಗ್ರಹಾಲಯ ತೆರೆದ. ಅಮೆರಿಕದ ಅಯೋವಾ ರಾಜ್ಯದಲ್ಲಿ 1970ರಲ್ಲಿ ಅರ್ಥಶಾಸ್ತ್ರದ ಪ್ರಾಧ್ಯಾಪಕ ವಿಲಿಯಂ ಮರ್ರೆ ‘ಲಿವಿಂಗ್ ಹಿಸ್ಟರಿ ಫಾರ್ಮ್ಸ್’ ಎಂಬ ಜೀವಂತ ಇತಿಹಾಸದ ತೋಟಗಳನ್ನು ಆರಂಭಿಸಿದರು. ಅಲ್ಲಿ 1700ರ ಮೂಲನಿವಾಸಿಗಳ ಬೇಸಾಯ, 1850ರ ವಲಸಿಗರ ಎತ್ತಿನ ಬೇಸಾಯ, 1900ರ ಕುದುರೆ ಬೇಸಾಯ ಎಲ್ಲವೂ ಬೇರೆಬೇರೆ ಹೊಲಗಳಲ್ಲಿ ನಡೆಯುತ್ತವೆ.

ನಮ್ಮಲ್ಲಿ ಇದಕ್ಕೆ ಹತ್ತಿರದ್ದು ರಾಮನಗರದ ಬಳಿಯ ಜಾನಪದ ಲೋಕ. ಅದನ್ನು ಕಟ್ಟಿದ ಎಚ್.ಎಲ್. ನಾಗೇಗೌಡರು (1915–2005) ಚನ್ನರಾಯಪಟ್ಟಣಕ್ಕೆ ಹೊಂದಿಕೊಂಡ ನಾಗಮಂಗಲ ತಾಲ್ಲೂಕಿನವರು. ಐ.ಎ.ಎಸ್. ಅಧಿಕಾರಿಯಾಗಿದ್ದ ಅವರು 1979ರಲ್ಲಿ ಕರ್ನಾಟಕ ಜಾನಪದ ಪರಿಷತ್ತು ಸ್ಥಾಪಿಸಿದರು. 1994ರಲ್ಲಿ ಬೆಂಗಳೂರು–ಮೈಸೂರು ಹೆದ್ದಾರಿಯ ಪಕ್ಕ ಹದಿನೈದು ಎಕರೆಯಲ್ಲಿ ಲೋಕದ ಬಾಗಿಲು ತೆರೆಯಿತು. ನೇಗಿಲು, ಕೂರಿಗೆ, ಅಳತೆಯ ಪಾತ್ರೆಗಳು, ಅಡುಗೆಮನೆಯ ಸಾಮಾನು, ತೊಗಲುಗೊಂಬೆ ಎಲ್ಲವನ್ನೂ ಹಳ್ಳಿ ಹಳ್ಳಿ ಅಲೆದು ಕೂಡಿಸಿದ್ದಾರೆ. ಮಂಗಳೂರಿನ ಬಳಿ ಪಿಲಿಕುಳದಲ್ಲಿ ಗುತ್ತಿನ ಮನೆಯ ಜೊತೆಗೆ ಕುಂಬಾರಿಕೆ, ನೇಯ್ಗೆ, ಗಾಣಗಳ ಕುಶಲಕರ್ಮಿ ಗ್ರಾಮವಿದೆ. ಕುಂಬಾರನ ತಿಗರಿಯ ಮುಂದೆ ನಿಂತ ಮಕ್ಕಳನ್ನು ಗಮನಿಸಿದ್ದೀರಾ? ಅದುವರೆಗೆ ಗಲಾಟೆ ಮಾಡುತ್ತಿದ್ದವರು ಅಲ್ಲಿ ಮಾತ್ರ ಸುಮ್ಮನಾಗುತ್ತಾರೆ.

ಆದರೆ ಇಂಥ ಕಡೆಯೂ ಬಹುಪಾಲು ವಸ್ತುಗಳು ಗೋಡೆಗೆ ಒರಗಿಯೇ ನಿಂತಿರುತ್ತವೆ. ಅಪರೂಪದ ವಸ್ತುವನ್ನು ಕಾಪಾಡಬೇಕು, ನಿಜ. ಬೀಸುಕಲ್ಲು, ಮೊರ, ಒನಕೆಗಳೂ ಅಪರೂಪವಾದವೇ? ರೆಸಾರ್ಟುಗಳ ಹೆಬ್ಬಾಗಿಲಿಗೆ ಗಾಡಿಚಕ್ರ ಒರಗಿಸುವ ಕಾಲದಲ್ಲಿ ಈ ಪ್ರಶ್ನೆ ಕೇಳಲು ನಾಚಿಕೆಯಾಗುತ್ತದೆ. ಎರಡನೆಯ ಒಂದು ಬೀಸುಕಲ್ಲನ್ನು ಅಂಗಳದಲ್ಲಿಟ್ಟು ಒಂದು ಸೇರು ರಾಗಿ ಬೀಸಿಸಬಹುದು. ಒಂದು ಹೊತ್ತಿನ ಮುದ್ದೆಗೆ ಎಷ್ಟು ತೋಳು ನೋಯಬೇಕು, ಬೀಸುವವರು ಹಾಡು ಕಟ್ಟಿಕೊಂಡದ್ದೇಕೆ ಎಂಬುದು ಆಗ ಯಾರೂ ಹೇಳದೆ ತಿಳಿಯುತ್ತದೆ.

ಹಾಗೆಂದು ಇದನ್ನು ಬರಿಯ ಆಟವಾಗಿಸಿದರೆ ಮಕ್ಕಳಿಗೆ ಸುಳ್ಳು ಹೇಳಿದಂತೆಯೇ. ಕಣದಲ್ಲಿ ರಾಶಿಪೂಜೆಯಾದ ಮೇಲೆ ಕಮ್ಮಾರ, ಬಡಗಿ, ಅಗಸ, ಕ್ಷೌರಿಕ, ತಳವಾರ, ತೋಟಿ ಎಲ್ಲ ಆಯಗಾರರಿಗೂ ಪಾಲು ಸಲ್ಲುತ್ತಿತ್ತು. ಸೊಗಸಾದ ಸಹಬಾಳ್ವೆ ಎಂದು ಭಾಷಣಗಳಲ್ಲಿ ಕೇಳುತ್ತೇವೆ. ಆ ಪಾಲಿಗಾಗಿ ಯಾರು ಕಣದ ಒಳಗೆ ನಿಲ್ಲುತ್ತಿದ್ದರು, ಯಾರು ಹೊರಗೆ ನಿಲ್ಲಬೇಕಿತ್ತು ಎಂಬುದನ್ನೂ ಹೇಳಬೇಕಲ್ಲವೆ? ಶಾಸನದಲ್ಲಿ ದಾನ ಕೊಟ್ಟವನ ಹೆಸರಿರುತ್ತದೆ, ಪಡೆದ ಮುನಿಯ ಹೆಸರಿರುತ್ತದೆ. ಗದ್ದೆ ಉತ್ತವನ ಹೆಸರು ಸಾಮಾನ್ಯವಾಗಿ ಇರುವುದಿಲ್ಲ. ಮೊರ ಹಿಡಿದು ಕೈ ನೋಯಿಸಿಕೊಂಡ ಹುಡುಗಿ ಆ ಹೆಸರು ಎಲ್ಲಿ ಎಂದು ಕೇಳಿಯಾಳು.

ಇದಕ್ಕೆಲ್ಲ ಕೋಟಿಗಟ್ಟಲೆ ಯೋಜನೆಯೇ ಬೇಕೆಂದಿಲ್ಲ. ಶಾಲಾ ಪ್ರವಾಸದ ಕಾಲವೂ ಈ ಸೀಮೆಯ ರಾಗಿಯ ಸುಗ್ಗಿಯೂ ಒಟ್ಟಿಗೇ ಬರುತ್ತವೆ. ಹಿಂದೆ ಸಗಣಿ ಸಾರಿಸಿದ ಕಣದಲ್ಲಿ ಎತ್ತು ಕಟ್ಟಿ ರೋಣಗಲ್ಲು ಎಳೆಸಿ ಒಕ್ಕುತ್ತಿದ್ದರು, ಗಾಳಿ ನೋಡಿ ತೂರುತ್ತಿದ್ದರು, ಹಗೇವಿನಲ್ಲಿ ತುಂಬಿ ವರ್ಷಗಟ್ಟಲೆ ಇಡುತ್ತಿದ್ದರು. ಈಗ ಯಂತ್ರ ಬಂದಿದೆ. ಯಂತ್ರವಿಲ್ಲದಲ್ಲಿ ತೆನೆ ಡಾಂಬರು ರಸ್ತೆಗೆ ಬಂದಿದೆ, ಬೈಕಿನವರು ಜಾರಿ ಬೀಳುತ್ತಾರೆ. ಆದರೂ ರೋಣಗಲ್ಲು ಎಳೆಸಿದ ಹಿರಿಯರು ಹಳ್ಳಿಗಳಲ್ಲಿ ಇನ್ನೂ ಇದ್ದಾರೆ. ಹತ್ತು ವರ್ಷ ಕಳೆದರೆ ಎಷ್ಟು ಮಂದಿ ಇರುತ್ತಾರೋ. ಬಸದಿ ನೋಡಿ ಹೊರಬಂದ ಮಕ್ಕಳನ್ನು ಒಂದು ಗಂಟೆ ಅಂಥವರೊಬ್ಬರ ಕಣದಲ್ಲಿ ಬಿಡಲು ಸಾಧ್ಯವೇ ಎಂದು ಮೇಷ್ಟ್ರುಗಳು ಮೊದಲೇ ವಿಚಾರಿಸಿಟ್ಟುಕೊಳ್ಳಬಹುದು. ಜೊತೆಗೆ ಹಳೆಯ ಸೇರೊಂದು, ಒಂದು ಮೊರ ಇದ್ದರೆ ಸಾಕು. ಬಸ್ಸಿನ ಚಾಲಕನನ್ನು ಒಪ್ಪಿಸುವುದೇ ಸ್ವಲ್ಪ ಕಷ್ಟದ ಕೆಲಸ. ಅವನಿಗೆ ಅಂದೇ ಹಳೇಬೀಡು, ಬೇಲೂರು ಮುಗಿಸಬೇಕಿರುತ್ತದೆ.