ಹುಡುಗರ ಫುಟ್‌ಬಾಲ್ ಪತ್ರಿಕೆ: ಧಾಟಿ ಬೆಳೆದು ಬಂದ ಬಗೆ

1879ರ ಜನವರಿಯಲ್ಲಿ ಲಂಡನ್ನಿನಿಂದ 'ಬಾಯ್ಸ್ ಓನ್ ಪೇಪರ್' ಎಂಬ ವಾರಪತ್ರಿಕೆ ಹೊರಟಿತು. ಹೊರಡಿಸಿದ್ದು ಧರ್ಮಪ್ರಚಾರದ ಕಿರುಹೊತ್ತಗೆಗಳನ್ನು ಅಚ್ಚು ಹಾಕುತ್ತಿದ್ದ ರಿಲಿಜಿಯಸ್ ಟ್ರ್ಯಾಕ್ಟ್ ಸೊಸೈಟಿ. ಹುಡುಗರು ಅಗ್ಗದ ಕೊಲೆ-ದರೋಡೆ ಕತೆಗಳಿಗೆ ಮರುಳಾಗುತ್ತಿದ್ದಾರೆ ಎಂಬ ಆತಂಕ ಅದರ ಹಿಂದಿತ್ತು. ಆದರೂ ಮೊದಲ ಸಂಚಿಕೆಯ ಮೊದಲ ಪುಟಕ್ಕೆ ಅವರು ಆರಿಸಿದ್ದು ಬೋಧನೆಯನ್ನಲ್ಲ, ಶಾಲೆಯ ಪಂದ್ಯದಲ್ಲಿ ಮೊದಲ ಸಲ ಆಡಲಿಳಿದ ಹುಡುಗನ ಕತೆಯನ್ನು. ಬರೆದವರು ಟಾಲ್ಬಟ್ ಬೇನ್ಸ್ ರೀಡ್. ಅಲ್ಲಿನ ಆಟ ರಗ್ಬಿ ಫುಟ್‌ಬಾಲ್, ನಿಜ. ಆದರೆ ಕತೆ ಹೇಳುವವನು ಮೈದಾನದ ಒಳಗೇ ಇದ್ದಾನೆ. ಮುಂದೆ ಬಂದ ಎಷ್ಟೋ ಪತ್ರಿಕೆಗಳು ಎಡವಿದ್ದು ಅವನನ್ನು ಅಲ್ಲಿಂದ ಹೊರಗೆ ಕರೆತಂದಾಗ.

1951ರ ಸೆಪ್ಟೆಂಬರಿನಲ್ಲಿ ಬಂದ 'ಚಾರ್ಲ್ಸ್ ಬುಕನ್ಸ್ ಫುಟ್‌ಬಾಲ್ ಮಂತ್ಲಿ'ಯದು ಹಿರಿಯರ ದನಿ. ಬುಕನ್ ಸಂಡರ್‌ಲ್ಯಾಂಡ್, ಆರ್ಸೆನಲ್ ಕ್ಲಬ್‌ಗಳಿಗೆ ಆಡಿ, ಆಮೇಲೆ ಪತ್ರಕರ್ತರಾದವರು. ಮೊದಲ ಮುಖಪುಟದಲ್ಲಿ ಸ್ಟಾನ್ಲಿ ಮ್ಯಾಥ್ಯೂಸ್. ಕಪ್ಪುಬಿಳುಪು ಫೋಟೋಗಳಿಗೆ ಬಣ್ಣ ತುಂಬಿದ ಪುಟಗಳನ್ನು ಹುಡುಗರು ಕತ್ತರಿಸಿ ಗೋಡೆಗೆ ಅಂಟಿಸಿಕೊಳ್ಳುತ್ತಿದ್ದರು. ಬರಹ ಮಾತ್ರ ಗಂಭೀರ, ಸಭ್ಯ. ಓದುಗ ಕೈಕಟ್ಟಿ ಕೇಳಬೇಕು ಅನ್ನುವಂಥದ್ದು.

ಆ ಬಿಗಿಯನ್ನು ಸಡಿಲಿಸಿದ್ದು ಚಿತ್ರಕತೆ. 1954ರ ಸೆಪ್ಟೆಂಬರ್ 11ರಂದು 'ಟೈಗರ್' ಪತ್ರಿಕೆಯಲ್ಲಿ 'ರಾಯ್ ಆಫ್ ದ ರೋವರ್ಸ್' ಶುರುವಾಯಿತು. ಕತೆ ಫ್ರ್ಯಾಂಕ್ ಪೆಪ್ಪರ್ ಅವರದು, ಚಿತ್ರ ಜೋ ಕೊಲ್‌ಹೂನ್ ಅವರದು. ಅದರ ಕುಶಲತೆ ಇರುವುದು ಪ್ರೇಕ್ಷಕರ ಬಾಯಲ್ಲಿ. ಚೆಂಡು ಯಾರ ಕಾಲಿನಲ್ಲಿದೆ, ಎಷ್ಟು ನಿಮಿಷ ಉಳಿದಿದೆ, ಯಾರಿಗೆ ಏಟಾಗಿದೆ ಎಂಬುದನ್ನೆಲ್ಲ ಗ್ಯಾಲರಿಯ ಜನರೇ ಒಬ್ಬರಿಗೊಬ್ಬರು ಕೂಗಿ ಹೇಳುತ್ತಾರೆ. ನಿಂತ ಚಿತ್ರ ಓಡತೊಡಗುವುದು ಈ ಕೂಗಿನಿಂದ. ಓದುವ ಹುಡುಗನೂ ಆ ಜನರ ನಡುವೆ ನಿಂತುಬಿಡುತ್ತಾನೆ. ವಿವರಣೆಗೆಂದು ಬೇರೆ ಸಾಲುಗಳನ್ನು ಹೆಚ್ಚು ಖರ್ಚು ಮಾಡದೆ ಇಷ್ಟು ಹೇಳಿದ ಇನ್ನೊಂದು ವಿಧಾನ ನನಗೆ ಕಂಡಿಲ್ಲ. 1976ರಲ್ಲಿ ಕಥಾನಾಯಕ ರಾಯ್ ಹೆಸರಿನದೇ ವಾರಪತ್ರಿಕೆ ಬಂತು, 1993ರವರೆಗೆ ನಡೆಯಿತು.

1969ರ ಆಗಸ್ಟಿನಲ್ಲಿ ಬಂದ 'ಶೂಟ್' ಆಟಗಾರರನ್ನೇ ಮಾತಿಗೆ ಕೂರಿಸಿತು. ಬಾಬಿ ಮೂರ್ ಅಂಥವರ ಹೆಸರಿನಲ್ಲಿ ಅಂಕಣಗಳು. ಇಷ್ಟದ ಊಟ ಯಾವುದು, ಯಾವ ಕಾರು, ಕಷ್ಟ ಕೊಟ್ಟ ಎದುರಾಳಿ ಯಾರು ಎಂಬ ಪ್ರಶ್ನಾವಳಿ. ಲೀಗ್ ಶುರುವಾಗುವ ಹೊತ್ತಿಗೆ ಒಂದು ರಟ್ಟಿನ ಅಂಕಪಟ್ಟಿ ಉಚಿತ. ತಂಡಗಳ ಹೆಸರಿನ ಚೀಟಿಗಳನ್ನು ವಾರವಾರ ಮೇಲೆ ಕೆಳಗೆ ಸಿಕ್ಕಿಸುತ್ತ ಹೋಗಬೇಕು. ಇವೆಲ್ಲವನ್ನೂ ಮೀರಿದ್ದು ಪಾಲ್ ಟ್ರೆವಿಲಿಯನ್ ಚಿತ್ರ ಬರೆಯುತ್ತಿದ್ದ 'ಯು ಆರ್ ದ ರೆಫ್'. ಪೆನಾಲ್ಟಿ ಒದ್ದಾಗಿದೆ, ಚೆಂಡು ಗೋಲಿನತ್ತ ಹೋಗುತ್ತಿರುವಾಗಲೇ, ಯಾರಿಗೂ ಕಂಬಕ್ಕೂ ತಾಗುವ ಮೊದಲೇ ಒಡೆದುಹೋಯಿತು. ಈಗ ಏನು ಮಾಡುತ್ತೀಯ? ಗೋಲು ಕೊಡುತ್ತೀಯೋ, ಡ್ರಾಪ್ ಬಾಲ್ ಕೊಡುತ್ತೀಯೋ? ಎರಡೂ ಅಲ್ಲ, ಒದೆತವನ್ನು ಮತ್ತೆ ಮಾಡಿಸಬೇಕು. ಇಂಥ ಪ್ರಶ್ನೆಗಳ ಆ ಪುಟ ಹನ್ನೊಂದು ವರ್ಷದ ಹುಡುಗನ ಕೈಗೆ ಸೀಟಿ ಕೊಟ್ಟು ತೀರ್ಪು ಕೇಳುತ್ತದೆ. ನಿಯಮಪುಸ್ತಕದ ಒಣ ಕಲಮುಗಳು ಊಟದ ಹೊತ್ತಿನ ಜಗಳವಾಗುತ್ತವೆ. ಮಕ್ಕಳಿಗೆ ಬರೆಯುವುದೆಂದರೆ ವಿಷಯವನ್ನು ತೆಳುಮಾಡುವುದು ಎಂದು ತಿಳಿದವರು ಈ ಪುಟವನ್ನು ಒಮ್ಮೆ ನೋಡಬೇಕು.

1979ರಲ್ಲಿ ಬಂದ 'ಮ್ಯಾಚ್' ಆಟಗಾರರಿಗೆ ಹತ್ತರಲ್ಲಿ ಇಷ್ಟು ಎಂದು ಅಂಕ ಕೊಟ್ಟು ಲೆಕ್ಕಾಚಾರದ ರುಚಿ ಹತ್ತಿಸಿತು. ತೊಂಬತ್ತರ ದಶಕದಲ್ಲಿ ಮಾರಾಟದಲ್ಲಿ 'ಶೂಟ್' ಅನ್ನು ಹಿಂದೆ ಹಾಕಿತು. 2008ರಲ್ಲಿ 'ಶೂಟ್' ನಿಂತಿತು; ಅದೇ ವರ್ಷ ಬಿಬಿಸಿಯ 'ಮ್ಯಾಚ್ ಆಫ್ ದ ಡೇ' ಪತ್ರಿಕೆ ಶುರು. ಈ ಹೊತ್ತಿಗೆ ಸ್ಟಿಕ್ಕರ್, ರಸಪ್ರಶ್ನೆ, ದೊಡ್ಡಕ್ಷರದ ಉದ್ಗಾರಗಳು ಪುಟ ತುಂಬಿ, ಪ್ಯಾರಾಗಳು ಚಿತ್ರದಡಿಯ ಸಾಲುಗಳಿಗೆ ಇಳಿದಿದ್ದವು. ಓದಲು ಹಿಂಜರಿಯುವ ಮಗುವಿಗೆ ಅದು ಒಳ್ಳೆಯ ಹೊಸ್ತಿಲು, ನಿಜವೇ. ಆದರೆ ಹೊಸ್ತಿಲು ದಾಟಿದವನಿಗೆ ಒಳಗೆ ಒಂದು ದೊಡ್ಡ ಕತೆಯೂ ಕಾದಿರಬೇಕು.

ಅಂಥ ಕತೆಯನ್ನು ಕಟ್ಟಿಕೊಟ್ಟದ್ದು ಬಂಗಾಳ. ಕಲ್ಕತ್ತದ ಮಕ್ಕಳ ಪತ್ರಿಕೆ 'ಆನಂದಮೇಲಾ' ರಾಯ್‌ನನ್ನು ಬಂಗಾಳಿ ಮಾತಾಡಿಸಿತು. ಎಷ್ಟೋ ಮನೆಗಳಲ್ಲಿ ಅವನು ಮೋಹನ್ ಬಾಗಾನ್, ಈಸ್ಟ್ ಬೆಂಗಾಲ್ ಆಟಗಾರರ ಸಾಲಿಗೇ ಸೇರಿಹೋದ. ಆನಂದಬಜಾರ್ ಪತ್ರಿಕೆಯ ಕ್ರೀಡಾ ಸಂಪಾದಕರಾಗಿದ್ದ ಕಾದಂಬರಿಕಾರ ಮೋತಿ ನಂದಿ 1970ರ ದಶಕದಲ್ಲಿ 'ಸ್ಟ್ರೈಕರ್', 'ಸ್ಟಾಪರ್' ಬರೆದರು. 'ಸ್ಟಾಪರ್'ನ ಕಮಲ್ ಗುಹನಿಗೆ ವಯಸ್ಸಾಗಿದೆ, ಕಾಲು ಮೊದಲಿನಂತೆ ಓಡುವುದಿಲ್ಲ. ಎಳೆಯರು ಓದುವ ಪುಸ್ತಕದ ನಾಯಕ ಹೀಗಿರಬಹುದು ಎಂದು ನಂಬಲು ಧೈರ್ಯ ಬೇಕಿತ್ತು. ಸೋಲು, ದಣಿವು, ಕ್ಲಬ್ ರಾಜಕೀಯ ಇವನ್ನೆಲ್ಲ ಅವರು ಎಳೆಯರಿಂದ ಮುಚ್ಚಿಡಲಿಲ್ಲ. ಎಳೆಯರೂ ಪುಸ್ತಕ ಕೈಬಿಡಲಿಲ್ಲ.

ಕನ್ನಡದಲ್ಲಿ ಇಂಥ ಪತ್ರಿಕೆಯೊಂದನ್ನು ಯೋಜಿಸುವವರಿಗೆ ಸರಕಿನ ಕೊರತೆಯಿಲ್ಲ. 1937ರಲ್ಲಿ ಮುಂಬಯಿಯ ರೋವರ್ಸ್ ಕಪ್ಪನ್ನು ಬ್ರಿಟಿಷ್ ಸೇನಾ ತಂಡಗಳ ಕೈಯಿಂದ ತಂದದ್ದು ಬೆಂಗಳೂರು ಮುಸ್ಲಿಮ್ಸ್. 1948ರ ಲಂಡನ್ ಒಲಿಂಪಿಕ್ಸ್‌ಗೆ ಬೆಂಗಳೂರಿನ ಅಹ್ಮದ್ ಖಾನ್ ಹೋದಾಗ ಭಾರತ ತಂಡದ ಬಹುಪಾಲು ಆಟಗಾರರು ಆಡಿದ್ದು ಬರಿಗಾಲಲ್ಲಿ. ಆಫ್‌ಸೈಡ್, ಕಾರ್ನರ್, ಪೆನಾಲ್ಟಿ ಎಂಬ ಮಾತುಗಳು ಹುಡುಗರ ಬಾಯಲ್ಲಿ ಆಗಲೇ ಇವೆ, ಅವನ್ನು ಹಾಗೇ ಬಿಡಬೇಕು. ಪಂದ್ಯದ ವರದಿಯಲ್ಲಿ ಎಲ್ಲ ಗೋಲುಗಳನ್ನೂ ಎಣಿಸುವ ಬದಲು ಒಂದೇ ಗೋಲನ್ನು, ಅದರ ಹಿಂದಿನ ಮೂರು ಪಾಸುಗಳನ್ನು ಬಿಡಿಸಿ ತೋರಿಸಬೇಕು. ನಾನಾದರೆ ಮೊದಲ ಸಂಚಿಕೆಗೆ ಅಹ್ಮದ್ ಖಾನ್ ಅವರ ಆಟವನ್ನು ಆರು ಪುಟದ ಚಿತ್ರಕತೆ ಮಾಡಿಸುತ್ತೇನೆ. ಗ್ಯಾಲರಿಯ ಮಾತು ಬರೆಯುವವರನ್ನು ಮೊದಲು ಬೆಂಗಳೂರಿನ ಗೌತಮಪುರದ ಮೈದಾನಕ್ಕೆ ಒಂದು ಭಾನುವಾರ ಕಳಿಸಿ, ಅಲ್ಲಿನ ಹುಡುಗರು ಹೇಗೆ ಕೂಗುತ್ತಾರೆಂದು ಬರೆದುಕೊಂಡು ಬರಲು ಹೇಳುತ್ತೇನೆ.