ಪುರದ ನೀರು, ಪುರದ ಬೆಳಕು

ಕನ್ನಡನಾಡಿನ ಶಾಸನಗಳನ್ನು ಓದಿದವರಿಗೆ ಬಿಟ್ಟುವಟ್ಟ, ಕಟ್ಟುಕೊಡಗೆ ಎಂಬ ಮಾತುಗಳು ಅಪರಿಚಿತವಲ್ಲ. ಕೆರೆಯನ್ನು ಕಟ್ಟಿಸಿದವನಿಗೂ ಕಾಪಾಡುವವನಿಗೂ ಅದರ ನೀರುಣ್ಣುವ ನೆಲದಲ್ಲಿಯೇ ಒಂದು ಪಾಲನ್ನು ಬಿಟ್ಟುಕೊಡುತ್ತಿದ್ದ ಆ ಕಟ್ಟಳೆಯ ಹಿಂದೆ, ಹೂಳೆತ್ತುವ ಕೆಲಸಕ್ಕೆ ಆಳು ಬಾರದೆಹೋದರೆ ಬೇಸಗೆಯಲ್ಲಿ ಬಾಯಾರುವುದು ಊರಿಗೆ ಊರೇ ಎಂಬ ಸರಳವಾದ ತಿಳಿವಳಿಕೆಯಿತ್ತು. ಕೆರೆಗಳ ಪಾಲನೆ ಇಲಾಖೆಗಳ ಕೈಸೇರಿದ ಮೇಲೆ ಸವೆದುಹೋದ ಆ ತಿಳಿವಳಿಕೆ, ಏರಿಯ ಮೇಲಲ್ಲ, ಸಗಣಿಯ ಗುಂಡಿಯ ಬಳಿಯಲ್ಲಿ ಮತ್ತೊಮ್ಮೆ ತಲೆಯೆತ್ತಿದ ವೃತ್ತಾಂತವೇ ತುಮಕೂರು ಜಿಲ್ಲೆ ಕುಣಿಗಲ್ ತಾಲ್ಲೂಕಿನ ಪುರವೆಂಬ ಪುಟ್ಟ ಹಳ್ಳಿಯದು.

ವಿದ್ಯುದ್ರಸಾಯನದಲ್ಲಿ ವಿಶ್ವಖ್ಯಾತರಾದ ಅಮೂಲ್ಯ ರೆಡ್ಡಿಯವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಗ್ರಾಮಗಳ ಹಿತಕ್ಕೆಂದು ‘ಅಸ್ತ್ರ’ ಎಂಬ ಬಳಗವನ್ನು ಹುಟ್ಟುಹಾಕಿದರು, ಹೆಸರು ಆಯುಧದ್ದಾದರೂ ಅದರ ಕೆಲಸ ಒಲೆ, ಇಟ್ಟಿಗೆ, ಸಗಣಿಗಳದ್ದು. ಕುಣಿಗಲ್ ಸೀಮೆಯ ಉಂಗ್ರದಲ್ಲಿ ಬೀಡುಬಿಟ್ಟ ಆ ಬಳಗದ ವಿದ್ವಾಂಸರು ಸುತ್ತಣ ಆರು ಹಳ್ಳಿಗಳಲ್ಲಿ ಮನೆಮನೆಗೆ ಹೋಗಿ, ಯಾರು ಎಷ್ಟು ಸೌದೆ ಹೊತ್ತರು, ಎಷ್ಟು ದೂರ ನಡೆದರು, ಎಷ್ಟು ಹೊತ್ತು ನೀರು ಸೇದಿದರು ಎಂಬುದನ್ನೆಲ್ಲ ಲೆಕ್ಕಹಾಕಿದರು. ಹಳ್ಳಿ ಸುಡುವ ಶಕ್ತಿಯಲ್ಲಿ ಬಹುಪಾಲು ಸೌದೆಯದು, ಅದೂ ಅಡುಗೆಗೆ, ಎಂಬ ಸಂಗತಿ ಆ ಲೆಕ್ಕದಿಂದ ನಿಚ್ಚಳವಾಯಿತು.

ಆದುದರಿಂದ ಆ ಹಳ್ಳಿಗಳಲ್ಲೊಂದಾದ ಪುರದಲ್ಲಿ, ಊರ ದನಗಳ ಸಗಣಿಯನ್ನು ಒಂದೆಡೆ ಕೂಡಿಸಿ, ಹುಟ್ಟಿದ ಅನಿಲವನ್ನು ಮನೆಮನೆಯ ಒಲೆಗೆ ಹರಿಸುವುದೆಂದು ಮೊದಲು ನಿಶ್ಚಯವಾಯಿತು. ತರ್ಕವೇನೋ ನಿರ್ದುಷ್ಟವಾಗಿತ್ತು, ಫಲ ಮಾತ್ರ ದೊರೆಯಲಿಲ್ಲ. ಎರಡು ಹೊತ್ತಿನ ಮುದ್ದೆ ಬೇಯಿಸಲು ಸಾಲುವಷ್ಟು ಅನಿಲ ಊರಿನ ಸಗಣಿಯಿಂದ ಹುಟ್ಟಲಿಲ್ಲವೆಂಬುದು ಒಂದು ಕಾರಣ. ಕೈಯಿಂದ ಕಾಸು ಬಿಚ್ಚದೆ ಹೊಲದ ಬದುವಿನಲ್ಲಿ ಆಯ್ದು ತರುವ ಸೌದೆಗೆ ಬದಲಿಯನ್ನು ಹಳ್ಳಿ ಬೇಡಿರಲೇ ಇಲ್ಲವೆಂಬುದು ಅದಕ್ಕಿಂತ ದೊಡ್ಡ ಕಾರಣ. ಹಳ್ಳಿಗೆ ಬೇಕಾಗಿದ್ದುದು ಕುಡಿಯುವ ನೀರು. ತಮ್ಮ ತಪ್ಪನ್ನು ಮುಚ್ಚಿಡದೆ ಬರೆದಿಟ್ಟ ರೆಡ್ಡಿಯವರ ದೊಡ್ಡತನವನ್ನು ಇಲ್ಲಿ ನೆನೆಯದೆ ಮುಂದುವರಿಯುವುದು ಸಲ್ಲದು.

1987ರಲ್ಲಿ ಹೊಸ ಏರ್ಪಾಡು ನಡೆಗೆ ಬಂದಿತು. ಅನಿಲ ಈಗ ಒಲೆಗಲ್ಲ, ಎಂಜಿನ್ನಿಗೆ. ಅಷ್ಟಿಷ್ಟು ಡೀಸೆಲ್ ಬೆರೆತು ಓಡುವ ಆ ಯಂತ್ರ 5 ಕಿಲೋವಾಟ್ ವಿದ್ಯುತ್ತನ್ನು ಹುಟ್ಟಿಸಿ, ಕೊಳವೆಬಾವಿಯ ನೀರನ್ನೆತ್ತಿ, ಸಂಜೆ ಮನೆಗಳಲ್ಲಿ ಟ್ಯೂಬ್‌ಲೈಟು ಬೆಳಗಿಸುತ್ತಿತ್ತು. ಹೊರಗಿನ ತಂತಿ ಊರಿಗೆ ಮುಂಚೆಯೇ ಬಂದಿತ್ತು. ಆದರೆ ಅದರ ದೀಪ ಉರಿದರೂ ಮಂಕು. ಬೆಳಗಾಗುತ್ತಲೇ ಕೊಟ್ಟಿಗೆ ಬಳಿದ ಹೆಂಗಸರೂ ಮಕ್ಕಳೂ ಸಗಣಿಯನ್ನು ಹೊತ್ತು ತರುತ್ತಿದ್ದರು. ಅದನ್ನು ತೂಗಿ, ಬರೆದುಕೊಂಡು, ತಂದವರಿಗೆ ಅಲ್ಪ ಹಣ ಸಲ್ಲಿಸಲಾಗುತ್ತಿತ್ತು. ಅನಿಲ ಬಿಟ್ಟುಕೊಟ್ಟು ಮಿಕ್ಕ ಬಗ್ಗಡವನ್ನು ಮರಳಿನ ಪಾತಿಯಲ್ಲಿ ಸೋಸಿದರೆ ಉಳಿಯುವ ಗಟ್ಟಿ ಗೊಬ್ಬರ ಕೊಟ್ಟವರ ತಿಪ್ಪೆಗೇ ಹಿಂತಿರುಗುತ್ತಿತ್ತು. ಯಂತ್ರವನ್ನು ನೋಡಿಕೊಂಡವರು ಊರಿನ ಹುಡುಗರೇ. ಗುಂಡಿಯ ಮೇಲೆ ತೇಲುವ ಕಬ್ಬಿಣದ ಡ್ರಮ್ಮು ಅನಿಲ ತುಂಬಿದಾಗ ಮೇಲೇರುತ್ತಿತ್ತು, ಬರಿದಾದಾಗ ಇಳಿಯುತ್ತಿತ್ತು; ಊರಿನ ಹೊಣೆಗಾರಿಕೆಯನ್ನು ದಾರಿಹೋಕನೂ ಕಣ್ಣಳತೆಯಲ್ಲಿ ತಿಳಿಯಬಹುದಾಗಿತ್ತು.

ಸಗಣಿ ಕಡಿಮೆಬಿದ್ದರೆ ದೀಪ ಆರುವುದು ಒಬ್ಬರ ಮನೆಯಲ್ಲಲ್ಲ, ನಲ್ಲಿ ಒಣಗುವುದು ಒಂದು ಬೀದಿಯಲ್ಲಲ್ಲ. ಹೀಗಾಗಿ ಕೊಡದವನನ್ನು ಕೇಳಲು ಅಧಿಕಾರಿ ಬೇಕಾಗಲಿಲ್ಲ, ನೆರೆಯವರು ಸಾಕಾಗಿತ್ತು. ಎಲ್ಲರಿಗೂ ಸೇರಿದುದು ಒಬ್ಬೊಬ್ಬರ ಅತಿಬಳಕೆಗೆ ಸಿಕ್ಕಿ ಹಾಳಾಗುವುದೆಂದು ಪಾಶ್ಚಾತ್ಯ ಪಂಡಿತರೊಬ್ಬರು 1968ರಲ್ಲಿ ಮಂಡಿಸಿದ್ದ ಪ್ರಸಿದ್ಧ ವಾದಕ್ಕೆ ಪ್ರತಿಯಾಗಿ, ಪುರದಲ್ಲಿ ಅದೇ ವರವಾಯಿತೆಂದು ರೆಡ್ಡಿಯವರು ಬರೆದರು. ಬಿಟ್ಟುವಟ್ಟವನ್ನು ಬಲ್ಲ ನಮಗೆ ಇದರಲ್ಲಿ ಸೋಜಿಗಪಡುವಂಥದು ಕಡಿಮೆ.

ಸುಮಾರು ಒಂದು ದಶಕ ನಡೆದು ಆ ಎಂಜಿನ್ ನಿಂತಿತು. ಅನಿಲವು ನೀಗಿಸಲಾರದೆಹೋದ ಅಡುಗೆಯ ಕಷ್ಟಕ್ಕೆ ಅದೇ ಬಳಗದವರ ಬೇರೊಂದು ಕೈಕೆಲಸ, ಹೊಗೆಯನ್ನು ಕೊಳವೆಯಿಂದ ಮಾಡಿನಾಚೆಗೆ ಕಳುಹಿಸಿ ಕಡಿಮೆ ಸೌದೆಯಲ್ಲಿ ಮೂರು ಪಾತ್ರೆ ಕಾಯಿಸುವ ‘ಅಸ್ತ್ರ ಒಲೆ’, ನಾಡಿನ ಎಷ್ಟೋ ಅಡುಗೆಮನೆಗಳನ್ನು ಹೊಕ್ಕಿತು.