ಫಿರಂಗಿ ತಿರುಗಿಸಿದ ಎಣ್ಣೆ

ಅಮೆರಿಕದ ಹಿತ್ತಿಲುಗಳಲ್ಲಿ ಹುಲ್ಲು ಕೊಯ್ಯುವ ಪುಟ್ಟ ಟ್ರ್ಯಾಕ್ಟರಿನ ಹೈಡ್ರೋಸ್ಟ್ಯಾಟಿಕ್ ಟ್ರಾನ್ಸ್‌ಮಿಷನ್ನಿನ ಮೂಲ ಹುಡುಕುತ್ತ ಹೋದರೆ ಯುದ್ಧನೌಕೆ ಸಿಗುತ್ತದೆ. ಹಡಗಿನ ಫಿರಂಗಿ ಭಾರಿ ತೂಕದ್ದು. ಅದನ್ನು ಗುರಿಯ ಕಡೆಗೆ ಕೂದಲೆಳೆಯಷ್ಟು ಸರಿಸಬೇಕು, ಅಲ್ಲೇ ನಿಲ್ಲಿಸಬೇಕು, ಬೇಕೆಂದಾಗ ಹಿಂದಕ್ಕೂ ತಿರುಗಿಸಬೇಕು. ಹಲ್ಲಿನ ಗೇರುಗಳಿಗೆ ಅಷ್ಟು ನಯ ಒಲಿಯದು. ಹಾರ್ವಿ ವಿಲಿಯಮ್ಸ್ ಮತ್ತು ರೆನಾಲ್ಡ್ ಜ್ಯಾನಿ ಎಣ್ಣೆಯ ಒತ್ತಡದಿಂದ ತಿರುಗುವ ಯಂತ್ರ ರೂಪಿಸಿದರು. 1906ರಲ್ಲಿ ಅಮೆರಿಕದ ನೌಕಾಪಡೆಯ ವರ್ಜೀನಿಯಾ ಹಡಗಿನ ಫಿರಂಗಿಗಳನ್ನು ಹೊರಳಿಸಿ, ಎತ್ತಿ ಇಳಿಸುವ ಕೆಲಸ ಎಣ್ಣೆಯ ಪಾಲಿಗೆ ಬಂತು.

ಆ ಯಂತ್ರದ ಒಳಗಿನ ಉಪಾಯ ಇಂದಿಗೂ ಅದೇ. ಎಂಜಿನ್ನು ತಿರುಗಿಸುವ ಒಂದು ಉಕ್ಕಿನ ದುಂಡು ಗಟ್ಟಿ, ಅದರ ಸುತ್ತ ಕೊರೆದ ಕುಳಿಗಳು, ಒಂದೊಂದು ಕುಳಿಯಲ್ಲೂ ಒಂದು ಪಿಸ್ಟನ್: ಇದೇ ಪಂಪು. ಪಿಸ್ಟನ್ನುಗಳ ತುದಿ ಒಂದು ತಟ್ಟೆಗೆ ಒರಗಿರುತ್ತದೆ. ತಟ್ಟೆ ನೆಟ್ಟಗಿದ್ದರೆ ಪಿಸ್ಟನ್ನು ಒಳಗೂ ಹೋಗದು, ಹೊರಗೂ ಬಾರದು. ಎಂಜಿನ್ನು ಓಡುತ್ತಿದ್ದರೂ ಗಾಡಿ ನಿಂತಿರುತ್ತದೆ. ತಟ್ಟೆಯನ್ನು ಚೂರು ಓರೆ ಮಾಡಿದರೆ ಎಣ್ಣೆ ಹರಿಯತೊಡಗುತ್ತದೆ, ಇನ್ನಷ್ಟು ಓರೆ ಮಾಡಿದರೆ ಹೆಚ್ಚು ಹರಿಯುತ್ತದೆ, ಆಚೆ ಬದಿಗೆ ವಾಲಿಸಿದರೆ ದಿಕ್ಕೇ ಬದಲಾಗುತ್ತದೆ. ಆ ಎಣ್ಣೆ ಇಂಥದ್ದೇ ಇನ್ನೊಂದು ಗಟ್ಟಿಯನ್ನು, ಅಂದರೆ ಮೋಟರನ್ನು, ತಿರುಗಿಸುತ್ತದೆ, ಮೋಟರು ಗಾಲಿಯನ್ನು. ನಡುವೆ ಸೋರಿಹೋದದ್ದನ್ನು ತುಂಬಲು ಚಾರ್ಜ್ ಪಂಪು ಎಂಬ ಚಿಕ್ಕ ಪಂಪೊಂದು ಸದಾ ದುಡಿಯುತ್ತದೆ.

ಹೊಲಕ್ಕೆ ಇದು ಇಳಿದದ್ದು ತಡವಾಗಿ. 1954ರಲ್ಲಿ ಇಂಗ್ಲೆಂಡಿನ ಸಿಲ್ಸೋದ ಕೃಷಿ ಎಂಜಿನಿಯರಿಂಗ್ ಸಂಸ್ಥೆ ಹೈಡ್ರೋಸ್ಟ್ಯಾಟಿಕ್ ಟ್ರ್ಯಾಕ್ಟರೊಂದನ್ನು ಮಾಡಿ ತೋರಿಸಿತು. 1961ರಲ್ಲಿ ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ಕಂಪನಿ ಗ್ಯಾಸ್ ಟರ್ಬೈನ್ ಕೂರಿಸಿದ ಎಚ್‌ಟಿ-340 ಎಂಬ ಪ್ರಯೋಗದ ಟ್ರ್ಯಾಕ್ಟರು ತಂದಿತು. ಟರ್ಬೈನಿನ ಗದ್ದಲ ಅಲ್ಲಿಗೇ ಮುಗಿಯಿತು. ಆ ಟ್ರ್ಯಾಕ್ಟರಿನೊಳಗಿದ್ದ ಎಣ್ಣೆಯ ಟ್ರಾನ್ಸ್‌ಮಿಷನ್ ಉಳಿಯಿತು. ಅದೇ ಕಂಪನಿಯ 656 ಟ್ರ್ಯಾಕ್ಟರು 1967ರಲ್ಲಿ ಹೈಡ್ರೋ ಆಗಿ ರೈತರ ಕೈ ಸೇರಿತು.

ಹಿತ್ತಿಲು ಮಾತ್ರ ಹೊಲಕ್ಕಿಂತ ಮೊದಲೇ ಇದನ್ನು ಒಪ್ಪಿಕೊಂಡಿತ್ತು. ಎರಡನೇ ಮಹಾಯುದ್ಧ ಮುಗಿದ ಮೇಲೆ ಅಮೆರಿಕದ ಊರುಗಳ ಹೊರವಲಯದಲ್ಲಿ ಅರ್ಧ ಎಕರೆ, ಒಂದು ಎಕರೆಯ ಮನೆಗಳೆದ್ದವು. ಬೇಸಿಗೆಯಲ್ಲಿ ಹುಲ್ಲು, ಚಳಿಗಾಲದಲ್ಲಿ ಹಿಮ. ಹಿಮ ತಳ್ಳುವವರಿಗೆ ಗೇರಿನ ಗಾಡಿ ದಣಿವಿನ ಕೆಲಸ: ಹತ್ತಡಿ ಮುಂದೆ, ಕ್ಲಚ್ಚು, ಹತ್ತಡಿ ಹಿಂದೆ, ಮತ್ತೆ ಕ್ಲಚ್ಚು. ಹಾರ್ವೆಸ್ಟರ್ ಕಂಪನಿ 1961ರ ಹೊತ್ತಿಗೆ ಕೆಂಟಕಿಯ ಲೂಯಿವಿಲ್‌ನಲ್ಲಿ ತಯಾರಿಸತೊಡಗಿದ್ದ ಕಬ್ ಕ್ಯಾಡೆಟ್ ಎಂಬ ಹಿತ್ತಿಲ ಟ್ರ್ಯಾಕ್ಟರಿಗೆ 7 ಅಶ್ವಶಕ್ತಿಯ ಕೋಲರ್ ಎಂಜಿನ್ನೂ ಮಾಮೂಲಿ ಗೇರೂ ಇದ್ದವು. 60ರ ದಶಕದ ನಡುವೆ ಬಂದ 123 ಮಾಡೆಲಿನಲ್ಲಿ ಸಂಡ್‌ಸ್ಟ್ರ್ಯಾಂಡ್ ಕಂಪನಿಯ ಹೈಡ್ರೋ ಸೇರಿತು. ಕ್ಲಚ್ಚು ತುಳಿಯುವ ಗೋಳು ಹೋಗಿ ಒಂದೇ ಲಿವರು ಉಳಿಯಿತು. ಜಾನ್ ಡಿಯರ್ ಕಂಪನಿ 1968ರಲ್ಲಿ 140 ಮಾಡೆಲಿನೊಂದಿಗೆ ಅದೇ ದಾರಿ ಹಿಡಿಯಿತು. ಸಂಡ್‌ಸ್ಟ್ರ್ಯಾಂಡ್ ಇಲಿನಾಯ್‌ನ ರಾಕ್‌ಫರ್ಡ್ ಊರಿನದು, ಅದರ ಬೇರು ಸ್ವೀಡನ್ನಿನಿಂದ ವಲಸೆ ಬಂದವರ ಮನೆತನದ್ದು. ಹತ್ತೇ ಕೀಲಿಗಳ ಕೂಡುವ ಯಂತ್ರವನ್ನು ರೂಪಿಸಿದ ಡೇವಿಡ್ ಸಂಡ್‌ಸ್ಟ್ರ್ಯಾಂಡ್ ಅದೇ ಮನೆಯವರು. ನಮ್ಮ ಕ್ಯಾಲ್ಕುಲೇಟರಿನ ಅಂಕಿಗಳೂ ಟ್ರ್ಯಾಕ್ಟರಿನ ಎಣ್ಣೆಯೂ ಒಂದೇ ಊರಿನ ನೆಂಟರು ಎಂಬುದು ನನಗೆ ಬಹಳ ಇಷ್ಟವಾದ ಸಂಗತಿ.

ನಾನು ಅದೇ ಉತ್ತರ ಇಲಿನಾಯ್‌ನಲ್ಲಿ ಈ ಹಳೆಯ ಗಾಡಿಗಳನ್ನು ಬಿಚ್ಚಿ ಜೋಡಿಸುತ್ತೇನೆ. ಕೈಗೆ ಪಾನಾ ಕೊಟ್ಟವರು ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಿ ಲೇತು ಅಂಗಡಿ ಇಟ್ಟಿದ್ದ ನಮ್ಮ ಅಪ್ಪ. ಯಾವ ಯಂತ್ರ ಬಂದರೂ ಅವರದು ಒಂದೇ ಮಾತು: “ಮೊದ್ಲ ಎಣ್ಣೀ ನೋಡು, ಆಮ್ಯಾಲ ಪಾನಾ ಹಿಡಿ.” ಹೈಡ್ರೋ ಅವರು ಕಂಡವರಲ್ಲ, ಆದರೆ ಹೈಡ್ರೋಗೆ ಆ ಮಾತಿಗಿಂತ ಹೆಚ್ಚಿನ ಪಾಠವಿಲ್ಲ.

ಎಣ್ಣೆ ಹಾಲು ಬೆರೆತ ಚಹಾದ ಬಣ್ಣಕ್ಕೆ ತಿರುಗಿದ್ದರೆ ಒಳಗೆ ನೀರು ಹೊಕ್ಕಿದೆ. ಹಾರ್ವೆಸ್ಟರ್ ಕಂಪನಿ ತನ್ನ ಗಾಡಿಗಳಿಗೆಂದೇ ಮಾಡಿಸಿದ ಹೈ-ಟ್ರಾನ್ ಎಣ್ಣೆಯ ಗುಣವೇ ಅದು: ನೀರನ್ನು ತಳಕ್ಕೆ ಬಿಡದೆ ತನ್ನೊಳಗೆ ಹಿಡಿದಿಟ್ಟುಕೊಳ್ಳುತ್ತದೆ. ತಳದಲ್ಲಿ ನಿಂತ ನೀರು ಇಲ್ಲಿನ ಚಳಿಗೆ ಮಂಜುಗಡ್ಡೆಯಾದರೆ ಪಂಪಿಗೆ ಎಣ್ಣೆ ಸಿಗದು, ಸಿಗದಿದ್ದರೆ ಕ್ಷಣದಲ್ಲಿ ಗೀರು ಬೀಳುತ್ತದೆ. ಕನ್ನಡಿಯಷ್ಟು ನುಣುಪಾಗಿ ಉಜ್ಜಿದ ಎರಡು ಲೋಹದ ಮುಖಗಳ ನಡುವಿನ ತೆಳು ಎಣ್ಣೆಯ ಮೇಲೆ ಇಡೀ ಯಂತ್ರ ನಿಂತಿದೆ. ಅಲ್ಲಿ ಗೀರು ಬಿದ್ದರೆ ಒತ್ತಡ ಒಳಗೊಳಗೇ ಸೋರುತ್ತದೆ. ತಣ್ಣಗಿದ್ದಾಗ ಚೆನ್ನಾಗಿ ಎಳೆಯುವ ಗಾಡಿ ಬಿಸಿಯಾದೊಡನೆ ಏರು ಹತ್ತಲು ಒಲ್ಲೆ ಎನ್ನುತ್ತದೆ.

ಆದರೆ ಜನ “ಪಂಪು ಸತ್ತಿದೆ” ಎಂದು ತಂದು ಬಿಡುವ ಗಾಡಿಗಳಲ್ಲಿ ಪಂಪು ಬದುಕಿರುವುದೇ ಹೆಚ್ಚು. ನ್ಯೂಟ್ರಲ್‌ನಲ್ಲಿಟ್ಟರೂ ತೆವಳುವ ಕಬ್ ಕ್ಯಾಡೆಟ್‌ನಲ್ಲಿ ಸವೆದಿರುವುದು ತಟ್ಟೆಯನ್ನು ವಾಲಿಸುವ ಟ್ರುನಿಯನ್ನಿನ ತೋಡು. ವರ್ಷಗಟ್ಟಲೆ ಲಿವರಿನ ಕುಲುಕಾಟಕ್ಕೆ ಅದು ಅಗಲವಾಗಿ, ತಟ್ಟೆ ಸರಿಯಾಗಿ ನೆಟ್ಟಗಾಗುವುದಿಲ್ಲ. ವೆಲ್ಡಿಂಗ್ ತುಂಬಿ, ಅರದಿಂದ ಉಜ್ಜಿ ಮೊದಲಿನ ಅಳತೆಗೆ ತಂದರೆ ಸಾಕು. ಮುಂದೆ ಹೋಗಿ ಹಿಂದೆ ಹೋಗದ ಗಾಡಿಯಲ್ಲಿ ಎಣ್ಣೆಯನ್ನು ಒಂದೇ ದಿಕ್ಕಿಗೆ ಬಿಡುವ ಒಂದು ಚೆಕ್ ವಾಲ್ವಿಗೆ ಜಿಡ್ಡು ಕಟ್ಟಿರುವ ಸಾಧ್ಯತೆ ದೊಡ್ಡದು. ಮುಂದಿನ ದಾರಿಗೊಂದು, ಹಿಂದಿನ ದಾರಿಗೊಂದು ವಾಲ್ವು ಇರುವುದರಿಂದ ಕೆಟ್ಟದ್ದು ಯಾವುದೆಂದು ಗಾಡಿಯೇ ಹೇಳಿಬಿಡುತ್ತದೆ. ಕಿರ್ರೆಂದು ಕೂಗಿದರೆ ಫಿಲ್ಟರು ಕಟ್ಟಿದೆ, ಇಲ್ಲವೇ ಎಲ್ಲೋ ಗಾಳಿ ಎಳೆಯುತ್ತಿದೆ. ಬೇಗ ಬಿಸಿಯಾದರೆ ಫ್ಯಾನಿನ ಸುತ್ತ ಒಣಹುಲ್ಲು ತುಂಬಿದೆ. ಇವೆಲ್ಲವೂ ಕೈಗೆ ಸಿಗುವ ಕಡೆ ಇವೆ ಎಂಬುದನ್ನು ಗಮನಿಸಬೇಕು. 60ರ ದಶಕದ ಎಂಜಿನಿಯರು ಮಾಲೀಕನೂ ಒಂದು ದಿನ ಇದನ್ನು ಬಿಚ್ಚುತ್ತಾನೆ ಎಂದು ನಂಬಿ ನಕ್ಷೆ ಬರೆದಿದ್ದ. ಸುಮಾರು 6.6 ಲೀಟರು ಎಣ್ಣೆ ಹಿಡಿಯುವ ಎರಕದ ಪೆಟ್ಟಿಗೆ, ಕೆಳಗೊಂದು ಬಿರಡೆ, ಬೆರಳಿಗೆ ಸಿಗುವ ಫಿಲ್ಟರು.

1981ರಲ್ಲಿ ಸಾಲದಲ್ಲಿ ಮುಳುಗಿದ ಹಾರ್ವೆಸ್ಟರ್ ಕಬ್ ಕ್ಯಾಡೆಟ್ಟನ್ನು ಓಹಾಯೋದ ಎಂಟಿಡಿ ಕಂಪನಿಗೆ ಮಾರಿತು. ಆಮೇಲಿನ ವರ್ಷಗಳಲ್ಲಿ ಹಿತ್ತಿಲ ಗಾಡಿಗಳು ಅಗ್ಗವಾದವು, ಹೈಡ್ರೋ ಎಲ್ಲರಿಗೂ ಎಟುಕಿತು, ಅದು ಒಳ್ಳೆಯದೇ. ಆದರೆ ಟಫ್ ಟಾರ್ಕ್ ಕೆ46ರಂಥ ಮುಚ್ಚಿದ ಟ್ರಾನ್ಸ್‌ಆಕ್ಸಲ್‌ಗಳು, ಅಂದರೆ ಟ್ರಾನ್ಸ್‌ಮಿಷನ್ನೂ ಗಾಲಿಯ ಅಚ್ಚೂ ಒಂದೇ ಪೆಟ್ಟಿಗೆಯಲ್ಲಿರುವ ಘಟಕಗಳು, ಬಂದಾಗ ಕೆಳಗಿನ ಬಿರಡೆ ಹೋಯಿತು. ಎಣ್ಣೆ ಬದಲಿಸಲು ಇಡೀ ಘಟಕವನ್ನು ಗಾಡಿಯಿಂದ ಇಳಿಸಿ ತಲೆಕೆಳಗು ಮಾಡಬೇಕು. ಅಷ್ಟು ಕಷ್ಟಪಡುವವರು ಕಡಿಮೆ, ಹಾಗಾಗಿ ಮೊದಲ ಎಣ್ಣೆಯೇ ಕೊನೆಯ ಎಣ್ಣೆಯಾಗುತ್ತದೆ. ಬಿರಡೆ ಉಳಿಸಿದ್ದರೆ ತಗಲುತ್ತಿದ್ದ ಖರ್ಚು ಅಲ್ಪ. ಅದರ ಜೊತೆ ಹೋದದ್ದು ಮಾಲೀಕ ತನ್ನ ಯಂತ್ರವನ್ನು ತಾನೇ ನೋಡಿಕೊಳ್ಳುವ ರೂಢಿ. ಇದನ್ನು ಪ್ರಗತಿ ಎನ್ನಲು ನನಗೆ ಮನಸ್ಸಿಲ್ಲ.

ಹಳೆಯ ಹೈಡ್ರೋ ಕೊಳ್ಳಲು ಹೊರಟವರಿಗೆ ನಾನು ಹೇಳುವುದಿಷ್ಟು. ಗಾಡಿ ತಣ್ಣಗಿದ್ದಾಗಲೇ ತೀರ್ಮಾನಕ್ಕೆ ಬರಬೇಡಿ. ಅರ್ಧ ಗಂಟೆ ಓಡಿಸಿ, ಬಿಸಿಯಾದ ಮೇಲೆ ಇಳಿಜಾರಿನಲ್ಲಿ ಹತ್ತಿಸಿ ನೋಡಿ. ಗಾಲಿಗಳನ್ನು ಸಲೀಸಾಗಿ ಉರುಳಲು ಬಿಡುವ ಫ್ರೀವೀಲ್ ವಾಲ್ವು ಒತ್ತದೆ ಗಾಡಿಯನ್ನು ತಳ್ಳಿಸಬೇಡಿ, ಎಳೆಸಬೇಡಿ. ಮನೆಗೆ ತಂದಮೇಲೆ ಎಣ್ಣೆ, ಫಿಲ್ಟರು ಎರಡೂ ಬದಲಿಸಿ. ಹಿಂದಿನ ಗಾಲಿಗಳನ್ನು ನೆಲದಿಂದ ಎತ್ತಿ ಭದ್ರವಾದ ಸ್ಟ್ಯಾಂಡಿನ ಮೇಲಿಟ್ಟು, ಎಂಜಿನ್ನು ನಿಧಾನಕ್ಕೆ ಓಡಿಸುತ್ತ ಲಿವರನ್ನು ಮುಂದಕ್ಕೂ ಹಿಂದಕ್ಕೂ ಮೆಲ್ಲಗೆ ಆಡಿಸಿ; ಒಳಗಿನ ಗಾಳಿ ಹೊರಟಂತೆ ಎಣ್ಣೆಯ ಮಟ್ಟ ಇಳಿಯುತ್ತದೆ, ಇಳಿದಷ್ಟು ಮತ್ತೆ ತುಂಬಿ.